ತಿರುಗದ ಮುಚ್ಚಳ

ಅಜ್ಜಿಯ ಕಥೆಯೊಂದರಲ್ಲಿ ಒಬ್ಬ ಹುಡುಗಿ ಇದ್ದಳು. ಹುಣ್ಣಿಮೆಯವರೆಗೆ ಪೆಟ್ಟಿಗೆ ತೆರೆಯಬೇಡ ಎಂದಿದ್ದರೂ ಮರುದಿನವೇ ತೆರೆದು, ಒಳಗಿದ್ದ ರಾಜಕುಮಾರನನ್ನು ಕಪ್ಪೆ ಮಾಡಿದವಳು. ಅಂಥ ಪೆದ್ದಿ ಲೋಕದಲ್ಲೇ ಇರುವುದಿಲ್ಲವೆಂದು ಅಜ್ಜಿಯೊಡನೆ ವಾದಿಸುತ್ತಿದ್ದೆ. ಈಗ ನಾನು ರಸಾಯನಶಾಸ್ತ್ರದ ಸಂಶೋಧಕಿ, ವಾದ ಸೋತಿದ್ದೇನೆ.

ನನ್ನ ಕೆಲಸ ಇಷ್ಟೇ. ಎರಡು ಉದ್ದನೆಯ ಸಾವಯವ ಅಣುಗಳು ಜಡೆಯಂತೆ ಹೆಣೆದುಕೊಳ್ಳಬೇಕು. ಜಡೆಯೊಳಗಿನ ಅಗಲದ ನಡುಕೋಣೆಯಲ್ಲಿ ಕಬ್ಬಿಣದ ಅಯಾನು ಕೂರಬೇಕು, ತುದಿಯ ಇಕ್ಕಟ್ಟು ಕೋಣೆಗಳಲ್ಲಿ ತಾಮ್ರದವು. ಕಬ್ಬಿಣ ನಮ್ಮ ದೊಡ್ಡಪ್ಪನ ಹಾಗೆ, ಕೂತರೆ ಏಳುವ ಪೈಕಿಯಲ್ಲ. ತಾಮ್ರ ಸೋದರತ್ತೆ, ಚೂರು ಗಾಳಿ ತಾಗಿದರೆ ಸಾಕು, ಮುನಿಸಿಕೊಂಡು ಹಸಿರಾಗಿ ಎದ್ದು ಹೊರಟೇಬಿಡುತ್ತದೆ. ಅದಕ್ಕೇ ಗಾಳಿ ತೆಗೆದ ಸೀಸೆಗಳಲ್ಲಿ ಮುಚ್ಚಿಟ್ಟು, ಹರಳು ಕಟ್ಟುವವರೆಗೆ ಸುಮ್ಮನೆ ಕಾಯಬೇಕು.

ತಿಂಗಳ ಕೊನೆಗೆ ಹರಳು ಬರದಿದ್ದರೆ ಜಡೆ ಬಿಟ್ಟು ಅಕ್ಕನ ಕೆಲಸಕ್ಕೆ ಸೇರಿಕೋ ಎಂದು ಮೇಷ್ಟ್ರು ಹೇಳಿದ್ದರು. ಅಕ್ಕ ಎಂದರೆ ಪಕ್ಕದ ಮೇಜಿನ ಹಿರಿಯ ಸಂಶೋಧಕಿ. ಗೋಡೆಯ ಬಣ್ಣ ಒಣಗುವುದನ್ನು ನೋಡುತ್ತ ಕೂರುವುದು ಅವಳ ಸಂಶೋಧನೆ. ನನಗೆ ಅಷ್ಟು ತಾಳ್ಮೆ ಇದ್ದಿದ್ದರೆ ಹರಳೇ ಬರುತ್ತಿತ್ತು.

ಒಂದು ಸೀಸೆಯಲ್ಲಿ ಏನೋ ಮಿನುಗಿದಂತಾಯಿತು. ಮುಚ್ಚಳ ತೆಗೆದು ಇಣುಕಿದೆ. ಅದೊಂದನ್ನೇ ನೋಡಿದರೆ ಉಳಿದವು ಬೇಸರಪಟ್ಟುಕೊಂಡಾವೆಂದು ಅವನ್ನೂ ತೆರೆದೆ. ಬೆಳಿಗ್ಗೆ ನೇರಳೆ ಬಣ್ಣಕ್ಕಿದ್ದ ದ್ರವವೆಲ್ಲ ಸಂಜೆಗೆ ಪಾಚಿಗಟ್ಟಿದ ಕೆರೆಯಂತಾಗಿತ್ತು. ಕಪ್ಪೆಯೊಂದೇ ಬಾಕಿ.

ಕೊನೆಯ ಸೀಸೆಯ ಮುಚ್ಚಳ ಮಾತ್ರ ಬರಲಿಲ್ಲ. ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದೆ. ಬೈದೆ. ಜಪ್ಪಯ್ಯ ಎಂದರೂ ಅಲುಗದಿದ್ದಾಗ ಅದನ್ನು ಕಪಾಟಿನ ಮೂಲೆಗೆ ನೂಕಿ, ಅಕ್ಕನ ಬಳಿ ಬಣ್ಣ ಬಳಿಯುವುದನ್ನು ಕಲಿಯತೊಡಗಿದೆ.

ತಿಂಗಳ ಕೊನೆಗೆ ಕಪಾಟು ಖಾಲಿ ಮಾಡಲು ಹೋದರೆ, ಆ ಸೀಸೆಯ ತಳದಲ್ಲಿ ಸೂಜಿಯಂಥ ಕಡುನೇರಳೆ ಹರಳುಗಳು. ಎಕ್ಸ್-ರೇ ಚಿತ್ರ ಬಂತು: ತಾಮ್ರ, ಕಬ್ಬಿಣ, ತಾಮ್ರ. ಅತ್ತೆ, ದೊಡ್ಡಪ್ಪ, ಅತ್ತೆ. ಎಲ್ಲರೂ ಅವರವರ ಕೋಣೆಯಲ್ಲಿ.

ಮೇಷ್ಟ್ರು ಪೆನ್ನು ಹಿಡಿದು, "ಈ ಸೀಸೆಗೆ ಬೇರೆ ಥರ ಏನ್ಮಾಡ್ದೆ?" ಎಂದು ಕೇಳಿದರು.

ನಾನು ಮಹಾಜ್ಞಾನಿಯಂತೆ ಕಿಟಕಿಯ ಕಡೆ ನೋಡಿದೆ. ಅಕ್ಕ ಕೆಮ್ಮಿದಳು.

"ಮುಚ್ಚಳ ತೆಗೆಯೋಕಾಗ್ಲಿಲ್ಲ ಸಾರ್."

ಮೇಷ್ಟ್ರು ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. "ಸರಿ. ಇನ್ನೊಂದ್ಸಲ ಮಾಡಿ ತೋರ್ಸು. ಬಂದ್ರೆ ಜಡೆ ನಿಂದೇ."

ಹೊಸ ಸೀಸೆಗಳು ಸಿದ್ಧವಾಗಿವೆ. ಮುಚ್ಚಳ ಬಿಗಿದವಳು ಅಕ್ಕ. ಕಪಾಟಿನ ಬೀಗದ ಕೈಯೂ ಅವಳದೇ ಸೊಂಟದಲ್ಲಿದೆ. ಹರಳು ಕಟ್ಟುವವರೆಗೆ ನಾನು ಬಣ್ಣ ಒಣಗುವುದನ್ನು ನೋಡುತ್ತ ಕೂರಬೇಕಂತೆ.

ಇನ್ನೂ ಒಣಗಿಲ್ಲ. ಬೆರಳಿಟ್ಟು ನೋಡಿದೆ.