ಮದುಮಗಳ ಪಕ್ಕದ ಕುರ್ಚಿ

ಟೀವಿಯಲ್ಲಿ ಮತ್ತೆ ನಗು, ಕಾಣದ ಜನರ ನಗು, ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ, ಸೋಫಾದಲ್ಲಿ ಕಾಲು ಚಾಚಿದ ಗ್ಲೆನಿಟಾ ಕೂಡ — ಕೇಳಿಸಿತೇ ಅವಳಿಗೆ, ಬಹರೈನಿನ ಗುದೈಬಿಯಾದ ಈ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಇರುವುದು ಒಂದು ಪರದೆ, ಕೇಳಿಸದೆ ಇರುತ್ತದೆಯೇ, ಜೆಸಿಂತಾ ತೆಂಗಿನಕಾಯಿ ಹಿಂಡುತ್ತಲೇ ಇದ್ದಾಳೆ, ಸಂಜೆ ಹಿರಿಮಗಳು ಸ್ವೀಡಲ್‌ಳ ರೋಸ್, ಮದುವೆಯ ಹಿಂದಿನ ದಿನ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಎದುರಿಗೆ ಗಂಡ ರಾಬರ್ಟನ ಅಕ್ಕ ಬೆನ್ನಾಬಾಯಿ, ಊರಿಂದ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ, ಅಲ್ಲ ಜೆಸಿಂತಾ, ಬೇಜಾರು ಮಾಡ್ಬೇಡ, ಮದುಮಗಳ ಪಕ್ಕ ಧೆಡಿಯಾಗಿ, ಅವಳ ಜೊತೆಗಾತಿಯಾಗಿ, ಗ್ಲೆನಿಟಾ ಬದಲು ನನ್ನ ಮಗಳು ಕೂರ್ಲಿ, ಅಲ್ಲಿ ಕೂರುದು ಸ್ವಂತ ರಕ್ತದವರೇ ಆಗ್ಬೇಕಲ್ಲ, ಜನ ಎಂಥ ಹೇಳುದು. ಆ ಹಳೆಯ ಇಂಗ್ಲಿಷ್ ಧಾರಾವಾಹಿಯಲ್ಲೂ ಇಂಥದೊಬ್ಬ ಅತ್ತೆ ಇದ್ದಾಳೆ, ಬೇಕರಿಯವ, ಅವನ ಎರಡನೆಯ ಹೆಂಡತಿ, ಮೊದಲನೆಯವಳ ಮಗ, ದತ್ತು ತಂದ ಇಬ್ಬರು, ಅತ್ತೆ ಬಂದವಳೇ ಈ ಮೂಗು ಯಾರದು ಎಂದು ಮಕ್ಕಳ ಮೂಗು ಹಿಡಿಯುತ್ತಾಳೆ, ಜನ ನಗುತ್ತಾರೆ, ಕೊನೆಗೆ ಒಂದು ತುಂಡು ಕೇಕು ತಿಂದು ಕಣ್ಣೊರೆಸಿಕೊಂಡು ಎಲ್ಲರನ್ನೂ ತಬ್ಬಿಕೊಳ್ಳುತ್ತಾಳೆ — ಬೆನ್ನಾಬಾಯಿ ಆಗಲೇ ಎರಡು ತುಂಡು ತಿಂದಾಗಿದೆ.

ಆ ಧಾರಾವಾಹಿಯನ್ನು ಮನೆಗೆ ತಂದದ್ದೇ ಸ್ವೀಡಲ್, ಆಗ ಹತ್ತು ವರ್ಷದವಳು, ಮಾತೇ ಆಡದ ತಂಗಿಯನ್ನು ನಗಿಸಬೇಕೆಂದು, ದತ್ತು ಬಂದ ಐದು ವರ್ಷದ ಗ್ಲೆನಿಟಾ ವಿಮಾನ ಇಳಿದಾಗ ಜೆಸಿಂತಾ ಚಾಚಿದ ಕೈ ಹಿಡಿಯಲಿಲ್ಲ, ರಾಬರ್ಟನದ್ದೂ ಇಲ್ಲ, ಸ್ವೀಡಲ್‌ಳ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು, ಕಾರಿನಲ್ಲೂ ಬಿಡಲಿಲ್ಲ, ಊಟಕ್ಕೂ ಬಿಡಲಿಲ್ಲ, ಮಮ್ಮಿ, ಇವಳು ಬಿಡುದೇ ಇಲ್ಲ, ನಾನು ಸ್ನಾನ ಮಾಡುದು ಹೇಗೆ, ಕೊನೆಗೆ ಫ್ರಾಕು ಬಿಚ್ಚಿ ಅವಳಿಗೇ ಕೊಟ್ಟು ಒಳಗೆ ಹೋದಳು — ಮಮ್ಮಿ, ಹೌದು, ಸ್ವೀಡಲ್‌ಗೂ ತಾನು ಮಮ್ಮಿಯಾದದ್ದು ಮಧ್ಯದಲ್ಲೇ ಅಲ್ಲವೇ, ಅವಳ ಹೆತ್ತವಳು ಅಷ್ಟರಲ್ಲಿ ಗೋಡೆಯ ಫೋಟೋದಲ್ಲಿದ್ದಳು, ಸ್ವೀಡಲ್‌ಳಲ್ಲಿ ತನ್ನ ರಕ್ತ ಒಂದು ತೊಟ್ಟೂ ಇಲ್ಲ, ಆದರೂ ಸಂಜೆ ಅವಳ ತಲೆಗೆ ಮೊದಲ ಹಾಲು ತನ್ನ ಕೈಯಿಂದಲೇ, ಬೆನ್ನಾಬಾಯಿ ಅದನ್ನು ಮರೆತೇಬಿಟ್ಟಿದ್ದಾಳೆ, ಪ್ರೀತಿಯಿಂದಲೇ ಮರೆತಿರಬಹುದು, ಆ ಪ್ರೀತಿಗೆ ಈ ಪರದೆ ದಾಟುವಷ್ಟು ಕಾಲಿಲ್ಲ, ಅಷ್ಟೇ.

ಸರಿ ಬಾಯಿ, ಹಾಗಾದ್ರೆ ಮೊದಲ ಹಾಲೂ ನೀವೇ ಹಚ್ಚಿ, ನನ್ನದೂ ಅವಳ ರಕ್ತ ಅಲ್ಲ, ನಾನೂ ಗ್ಲೆನಿಟಾನೂ ಹಿಂದೆ ಕೂರ್ತೇವೆ. ಛೆ, ಎಂಥ ಮಾತು ಮಾರಾಯ್ತಿ, ನೀನು ತಾಯಿ ಅಲ್ವಾ. ನಾನು ತಾಯಿ ಹೌದಾದ್ರೆ ಅವಳು ತಂಗಿ, ಒಂದನ್ನು ಇಟ್ಟು ಒಂದನ್ನು ಬಿಡ್ಲಿಕ್ಕೆ ಆಗುದಿಲ್ಲ. ರಾಬರ್ಟ್ ಪರದೆಯಾಚೆಯಿಂದ ಕೆಮ್ಮುತ್ತಾನೆ, ಜೆಸಿ, ಮೆಲ್ಲ, ಆಚೆ ಮನೆಯವರಿಗೆ ಕೇಳ್ತದೆ. ಕೇಳ್ಲಿ, ಅವರನ್ನೂ ರೋಸಿಗೆ ಕರೆದಿದ್ದೇವೆ. ಬೆನ್ನಾಬಾಯಿ ಕಣ್ಣೊರೆಸಲಿಲ್ಲ, ತಬ್ಬಲೂ ಇಲ್ಲ, ಮುಖ ಊದಿಸಿಕೊಂಡು ಬಾಲ್ಕನಿಗೆ ಹೋದಳು, ಹೋಗಲಿ, ಈ ಮನೆಗೆ ಅವಳ ಅಳು ಬೇಕಿಲ್ಲ, ಕುರ್ಚಿ ಬೇಕು — ಪರದೆ ಸರಿಸಿ ಗ್ಲೆನಿಟಾ, ಮಮ್ಮಿ, ನಾನು ಕೂರದಿದ್ರೂ ಇಟ್ಸ್ ಓಕೆ, ಅಲ್ಲ, ಓಕೆ ಅಲ್ಲ, ಹೋಗಿ ಸೀರೆ ಉಡು, ಜೆಸಿಂತಾಳ ಬೆರಳುಗಳು ಕಾಯಿತುರಿಯನ್ನು ಹಿಂಡುತ್ತಲೇ ಇವೆ, ಹಾಲೆಲ್ಲ ಇಳಿದ ಮೇಲೂ ಹಿಂಡುತ್ತವೆ, ಏನೋ ಯೋಚಿಸಬೇಕಿತ್ತು, ಹೂವು, ಕಾರು, ಯಾವುದೂ ತಲೆಗೆ ಬರುತ್ತಿಲ್ಲ, ಆ ದಿನದ ಬಚ್ಚಲಿನ ಬಾಗಿಲು, ಒಳಗೆ ನೀರಿನ ಸದ್ದು, ಹೊರಗೆ ನೆಲದ ಮೇಲೆ ಕೂತ ಮಗು, ಒಳಗೆ ಯಾರೂ ಇಲ್ಲದ ಫ್ರಾಕು, ಅದರ ಅಂಚು, ಬಿಳಿಚಿದ ಪುಟ್ಟ ಮುಷ್ಟಿ — ಆ ಮುಷ್ಟಿ —