ಹಲ್ಲಿಗೆ ಬೇಲಿ

ಎಳ್ಳುಂಡೆ ಕಡಿದ ಕೂಡಲೇ ಗುರುಪ್ರಸಾದನಿಗೆ ತಪ್ಪು ಗೊತ್ತಾಯಿತು. ಬಾಯೊಳಗೆ ಟಕ್ಕೆಂದಿತು. ಸೊಟ್ಟ ಹಲ್ಲು ನೇರವಾಗಲೆಂದು ಅಂಟಿಸಿದ್ದ ಲೋಹದ ಚೂರೊಂದು ಕಿತ್ತು ಬಂದು, ತಂತಿಯ ತುದಿ ಎಡಗೆನ್ನೆಗೆ ಒಳಗಿನಿಂದ ಚುಚ್ಚಿಕೊಂಡಿತು.

ಗಟ್ಟಿಯಾದದ್ದು ಬೇಡ, ಅಂಟುವಂಥದ್ದು ಬೇಡ, ಮುಂದಿನ ಹಲ್ಲಿನಿಂದ ಏನನ್ನೂ ಕಡಿಯಬೇಡಿ ಎಂದು ಕಾರವಾರದ ಡಾಕ್ಟರು ಹೋದಾಗಲೆಲ್ಲ ಹೇಳುತ್ತಿದ್ದರು. ಬಿಣಗಾದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅವನು ಪೇರಲೆಯನ್ನೂ ಹೆಚ್ಚಿಯೇ ತಿನ್ನುತ್ತಿದ್ದ. ತಂತಿ ಚುಚ್ಚಿದರೆ ಮೆತ್ತಲು ಮೇಣದ ಡಬ್ಬಿ ಸದಾ ಜೇಬಿನಲ್ಲಿರುತ್ತಿತ್ತು. ಇವತ್ತು ಹೊಸ ಪ್ಯಾಂಟು. ಡಬ್ಬಿ ಹಳೆಯದರಲ್ಲೇ ಉಳಿದಿತ್ತು.

ಹೆಣ್ಣು ನೋಡಲು ಹಿಲ್ಲೂರಿಗೆ ಬರುವಾಗ ದಾರಿಯುದ್ದಕ್ಕೂ ಸೋದರಮಾವ ಮಾದೇವನದು ಒಂದೇ ಮಾತು: "ಬಾಯ್ ಮುಚ್ಕಂಡ್ ಕೂತ್ಕ. ಮದ್ವೆ ವಯಸ್ಸಲ್ಲಿ ಹಲ್ಲಿಗೆ ಬೇಲಿ ಹಾಕಸ್ಕಂಡಾಂವ ಅಂದ್ರೆ ನಗಾಡ್ತರು." ತಟ್ಟೆ ಬಂದಾಗ ಬೇಡವೆಂದು ತಲೆಯಾಡಿಸಿದರೆ, ತಿನ್ನೆಂದು ಮೊಣಕೈಯಿಂದ ತಿವಿದವನೂ ಅವನೇ.

ಎದುರಿಗೆ ಕೂತ ನಾಗಶ್ರೀ ತಲೆ ತಗ್ಗಿಸಿರಲಿಲ್ಲ. "ಸಂಬಳ ಎಷ್ಟು ಅಂತ ನಾ ಕೇಳೂದಿಲ್ಲ. ನಂಗೂ ಅಂಕೋಲೆಲಿ ಕೆಲ್ಸ ಅದೆ. ನಿಮ್ಗೆ ಅಡ್ಗಿ ಬತ್ತದಾ?"

ಬರುತ್ತಿತ್ತು. ಬಂಗಡೆ ಸಾರು ಅವನ ಕೈಯದೇ ಆಗಬೇಕೆಂದು ಕ್ವಾರ್ಟರ್ಸಿನವರು ಕಾಯುತ್ತಿದ್ದರು. ಹಿಂದೆ ನೋಡಿದ ಯಾವ ಹುಡುಗಿಯೂ ಇದನ್ನು ಕೇಳಿರಲಿಲ್ಲ. ಇವಳೇ ಬೇಕು ಅನ್ನಿಸಿತು. ಆದರೆ ತುಟಿ ಅಲುಗಿದರೆ ತಂತಿ ಇನ್ನಷ್ಟು ಒಳಗಿಳಿಯುತ್ತಿತ್ತು. ತಂತಿಗೂ ಕೆನ್ನೆಗೂ ನಡುವೆ ನಾಲಿಗೆ ತೂರಿಸಿದ. ಕೆನ್ನೆ ಉಬ್ಬಿತು. "ಮ್ಮ್," ಎಂದ.

ಬಾಗಿಲಲ್ಲಿ ನಿಂತಿದ್ದ ನಾಗಶ್ರೀಯ ತಾಯಿ ಕಲಾವತಿಯ ಕಣ್ಣು ಆ ಉಬ್ಬಿನ ಮೇಲೆ ನಿಂತಿತು. ಗೋಡೆಯ ಫೋಟೋದಲ್ಲಿ ಹಾರದ ಹಿಂದೆ ಅವಳ ಗಂಡ ಶಿವಾನಂದನಿದ್ದ. ಗುಟ್ಕಾ ತಿಂದು ತಿಂದು ಬಾಯಿಯ ಕ್ಯಾನ್ಸರಿನಲ್ಲಿ ಸತ್ತವನು. ಫೋಟೋದಲ್ಲೂ ಕೆನ್ನೆ ಉಬ್ಬಿತ್ತು.

"ಬಾಯಲ್ಲಿ ಎಂತ ಅದೆ, ತಮಾ?"

"ಎಳ್ಳುಂಡೆ ಅಕ್ಕಾ," ಮಾದೇವ ನಕ್ಕ. "ನಮ್ಮಾಂವಂಗೆ ನಾಚ್ಕೆ ಜಾಸ್ತಿ."

"ನಮ್ಮನಿಯವ್ರೂ ಹಿಂಗೇ ನಾಚ್ತಿದ್ರು."

ಗುರುಪ್ರಸಾದನ ಬಾಯಿ ಉಪ್ಪುಪ್ಪಾಗತೊಡಗಿತು. ಕಾಲು ಅಲುಗಿಸಿದ, ನಿಲ್ಲಿಸಿದ, ಮತ್ತೆ ಅಲುಗಿಸಿದ. ನುಂಗಲಾಗಲಿಲ್ಲ. ಎದ್ದು ಅಂಗಳಕ್ಕೆ ಓಡಿ ತೆಂಗಿನ ಬುಡಕ್ಕೆ ಉಗುಳಿದ. ಕೆಂಪಗಿತ್ತು.

ತಿರುಗಿದರೆ ಹಿಂದೆಯೇ ಕಲಾವತಿ. ಅವಳು ನೆಲದ ಕೆಂಪನ್ನು ನೋಡಿದಳು. "ಮಾದೇವಣ್ಣಾ, ಚಾ ಕುಡ್ಕಂಡ್ ಹೊರಡಿ. ಉಗಳೂ ಡಬ್ಬಿ ತೊಳ್ದದ್ದು ಈ ಮನಿಲಿ ನಾ ಒಬ್ಳೇ ಸಾಕು."

"ಅಯ್ಯ, ಅದು ಉಷ್ಣ ಅಕ್ಕಾ! ಶಿಫ್ಟಿನ ಕೆಲ್ಸ, ನಿದ್ದಿ ಇಲ್ಲ..."

ಗುರುಪ್ರಸಾದ ಮಾವನನ್ನು ಪಕ್ಕಕ್ಕೆ ಸರಿಸಿದ. ಕಲಾವತಿಯ ಮುಂದೆ ನಿಂತು ದವಡೆ ನೋಯುವಷ್ಟು ಅಗಲಕ್ಕೆ ಬಾಯಿ ತೆರೆದ. ನಾಗಶ್ರೀ ಹತ್ತಿರ ಬಂದು ಮೊಬೈಲಿನ ಬೆಳಕು ಬಿಟ್ಟಳು. ಸೊಟ್ಟ ಹಲ್ಲುಗಳು, ಅವುಗಳ ಮೇಲೆ ತಂತಿ, ಜೋತಾಡುವ ಲೋಹದ ಚೂರು, ರಕ್ತ, ಬೆಲ್ಲ.

"ಎಳ್ಳೆಲ್ಲ ಅಲ್ಲೇ ಕೂತ್ಕಂಡದೆ," ಎಂದಳು ನಾಗಶ್ರೀ.

ಕಲಾವತಿ ಮುಂದೆ ಬಾಗಿ, ಹಾಲು ಒಡೆದಿದೆಯೋ ಎಂದು ನೋಡುವವರ ಹಾಗೆ ಅವನ ಬಾಯಿಯನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. ಒಳಗೆ ಹೋದಳು.

"ಬತ್ತದೆ," ಎಂದ ಗುರುಪ್ರಸಾದ, ತೊದಲುತ್ತ.

"ಎಂತದು?"

"ಅಡ್ಗಿ."

ನಾಗಶ್ರೀ ಬೆಳಕು ಆರಿಸಿದಳು. ನಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

ಮಾದೇವ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಕುಟ್ಟುವ ಸದ್ದು ಬಂತು. ಅವನು ಇನ್ನೊಂದು ಚಪ್ಪಲಿ ಹುಡುಕುವುದನ್ನು ಬಿಟ್ಟು ಹಾಗೆಯೇ ನಿಂತ. ಸದ್ದು ನಿಂತಿತು. ಕಲಾವತಿ ಹೊರಬಂದು ಜಗುಲಿಯ ಮೇಲೆ ಒಂದು ಲೋಟ ಉಪ್ಪುನೀರು ಇಟ್ಟಳು. ಅದರ ಪಕ್ಕಕ್ಕೆ, ಪುಡಿ ಮಾಡಿದ ಎಳ್ಳುಂಡೆಯ ತಟ್ಟೆ. ತಟ್ಟೆಯಲ್ಲಿ ಚಮಚ ಇತ್ತು.