ಹತ್ತೂವರೆ ಪರ್ಸೆಂಟಿನ ಭಾನುವಾರ

ಶನಿವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಾಗರಬಾವಿಯ ಕ್ಲಬ್ಬೊಂದರ ಮೇಜಿನ ಮೇಲೆ ಆರು ಗ್ಲಾಸುಗಳಲ್ಲಿ ಫ್ರಾನ್ಸಿನ ಬಿಳಿ ವೈನ್ ಇತ್ತು. ಹನ್ನೊಂದೂವರೆಯಾದರೂ ಒಂದು ಗ್ಲಾಸನ್ನೂ ಯಾರೂ ಮುಟ್ಟಿರಲಿಲ್ಲ.

ಮೇಜಿನ ಈಚೆ ನಿಂತಿದ್ದವಳು ಕುಸುಮಾ. ವಯಸ್ಸು ಮೂವತ್ತಾರು. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ, ವೈನ್ ಬಗ್ಗೆ ಒಂದು ಪರೀಕ್ಷೆ ಪಾಸು ಮಾಡಿ, ವಿದೇಶಿ ವೈನ್ ತರಿಸಿ ಮಾರುವ ಕಂಪನಿಗೆ ಸೇರಿದ್ದಳು. ಸೋಮವಾರಕ್ಕೆ ಆರು ತಿಂಗಳಾಗುತ್ತಿತ್ತು. ಇಂದಿರಾನಗರದ ಆಫೀಸಿನಲ್ಲಿ ಅವಳ ಮೇಲಧಿಕಾರಿ ಸ್ಮೃತಿ ಹೋದ ವಾರ ಮಾತು ಮುಗಿಸಿದ್ದಳು: "ವೆಸ್ಟ್ ಸೈಡಲ್ಲಿ ವೈನ್ ಓಡಲ್ಲ ಅಂತ ಎಲ್ಲರೂ ಹೇಳ್ತಾರೆ, ಕುಸುಮಾ. ಸೋಮವಾರದೊಳಗೆ ಒಂದೇ ಒಂದು ಆರ್ಡರ್ ತನ್ನಿ. ಇಲ್ಲಾಂದ್ರೆ ಆ ಏರಿಯಾ ಕೈಬಿಡ್ತೀವಿ." ಏರಿಯಾ ಬಿಟ್ಟರೆ ಆ ಏರಿಯಾಕ್ಕೆಂದು ತೆಗೆದುಕೊಂಡವಳನ್ನೂ ಬಿಡುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೇಜಿನ ಆಚೆ ಕ್ಲಬ್ಬಿನ ಬಾರ್ ಸಮಿತಿಯ ಐವರು ಕೂತಿದ್ದರು. ನೈಋತ್ಯ ಫ್ರಾನ್ಸಿನ ಗ್ಯಾಸ್ಕನಿಯ ಒಂದು ಸಣ್ಣ ತೋಟ, ರಾಸಾಯನಿಕ ಗೊಬ್ಬರವಿಲ್ಲ, ಕಳೆನಾಶಕವಿಲ್ಲ, ಆಲ್ಕೋಹಾಲ್ ಹತ್ತೂವರೆ ಪರ್ಸೆಂಟ್ ಮಾತ್ರ ಎಂದು ಕುಸುಮಾ ಹೇಳಿದ್ದನ್ನೆಲ್ಲ ಅವರು ಗಮನವಿಟ್ಟು ಕೇಳಿದರು. "ಇನ್ನು ರುಚಿ ನೋಡಿ ಸಾರ್" ಎಂದಾಗ ಮಾತ್ರ ಐವರೂ ಕೈಕಟ್ಟಿ ಕೂತರು.

ಕಾರ್ಯದರ್ಶಿ ತಮ್ಮಣ್ಣ ನಿವೃತ್ತ ಎಂಜಿನಿಯರ್, ಮೆತ್ತಗೆ ಮಾತಾಡುವ ಮನುಷ್ಯ. "ಅಮ್ಮ, ಎಲ್ಲ ಚೆನ್ನಾಗಿ ಹೇಳಿದ್ರಿ. ಆದ್ರೆ ಇವತ್ತು ಶನಿವಾರ ಅಲ್ವಾ."

"ಹೌದು ಸಾರ್."

"ಶನಿವಾರ ನಾವ್ಯಾರೂ ಮುಟ್ಟಲ್ಲ."

ಪಕ್ಕದಲ್ಲಿದ್ದ ದುಂಡೇಶನಿಗೆ ಮೈಸೂರು ರಸ್ತೆಯಲ್ಲಿ ಸಿಮೆಂಟ್ ಅಂಗಡಿ. ಅವನು ಗ್ಲಾಸಿನ ಕಡೆ ಬಗ್ಗಿ ನೋಡಿದ. "ವಾಸನೆ ನೋಡ್ಬೋದಾ ಅಂತ ಯೋಚ್ನೆ ಮಾಡ್ತಾ ಇದೀನಿ ಅಣ್ಣ. ವಾಸನೆಗೇನೂ ದೋಷ ಇಲ್ವಲ್ಲ?"

"ಮೂಗಿಗೂ ಶನಿವಾರಾನೇ ಕಣೋ, ಸುಮ್ನಿರು."

"ಹೋಗ್ಲಿ, ನೀವೇ ಒಂದು ಗುಟುಕು ಕುಡಿದು ಹೆಂಗಿದೆ ಹೇಳಿ ಮೇಡಂ, ನಂಬ್ತೀವಿ" ಎಂದ ದುಂಡೇಶ.

ಕುಸುಮಾ ಗ್ಲಾಸನ್ನು ತುಟಿಯವರೆಗೆ ಒಯ್ದು ಕೆಳಗಿಟ್ಟಳು. "ನಾನೂ ಶನಿವಾರ ಮುಟ್ಟಲ್ಲ ಸಾರ್."

ಐವರೂ ನಕ್ಕರು. ಅವಳಿಗೂ ನಗು ಬಂತು. ವಾರಾಂತ್ಯದಲ್ಲಿ ಜನ ಬಿಡುವಾಗಿರುತ್ತಾರೆ ಎಂದು ಆಫೀಸಿನವರು ಶನಿವಾರ ಸೂಚಿಸಿದ್ದರು, ಫೋನಿನ ಕ್ಯಾಲೆಂಡರಿನಲ್ಲಿ ಆ ಚೌಕ ಖಾಲಿ ಇತ್ತು, ಅವಳು ಒಪ್ಪಿದ್ದಳು. ಶನಿವಾರ ಮೊಟ್ಟೆಯನ್ನೂ ಒಡೆಯದ ಮನೆಯ ಸೊಸೆ ಈ ತಪ್ಪು ಮಾಡಿದ್ದಳು.

"ಸೋಮವಾರ ಸಂಜೆ ಸಮಿತಿ ಕೂರುತ್ತೆ. ಅದು ಬಿಟ್ರೆ ಇನ್ನೆರಡು ತಿಂಗಳಿಗೆ" ಎಂದರು ತಮ್ಮಣ್ಣ. "ಆದ್ರೆ ರುಚಿ ನೋಡ್ದೆ ಇಲ್ಲಿ ಯಾರೂ ಕೈ ಎತ್ತಲ್ಲ."

"ಸೋಮವಾರವೇ ಮೀಟಿಂಗ್ ಮುಂಚೆ ರುಚಿ ನೋಡಬಹುದಾ ಸಾರ್?"

"ಸೋಮವಾರ ನಂಗಾಗಲ್ಲ. ನಮ್ಮನೆ ದೇವರು ಮಾದಪ್ಪ" ಎಂದ ದುಂಡೇಶ. ಇನ್ನಿಬ್ಬರು ತಲೆಯಾಡಿಸಿದರು.

ಉಳಿದದ್ದು ಭಾನುವಾರ. ಭಾನುವಾರ ಕ್ಲಬ್ಬಿನ ಹಾಲ್, ಅಡುಗೆಮನೆ ಎರಡೂ ಯಾರದೋ ನಾಮಕರಣಕ್ಕೆ ಬುಕ್ ಆಗಿದ್ದವು. ಸುರಿದ ವೈನನ್ನು ಬಾಟಲಿಗೆ ಮರಳಿಸುವಂತಿರಲಿಲ್ಲ. ಕುಸುಮಾ ಅದನ್ನು ಸಿಂಕಿಗೆ ಚೆಲ್ಲಿ, ಗ್ಲಾಸು ತೊಳೆದು, ಉಳಿದ ನಾಲ್ಕು ಬಾಟಲಿಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಸ್ಕೂಟರ್ ಏರಿದಳು.

ಹಳೇ ಕೆಂಗೇರಿಯ ಮನೆಯ ಜಗುಲಿಯಲ್ಲಿ ಮಾವ ಮರಿಯಪ್ಪ ಕೂತಿದ್ದರು. ಅವರು ಇಪ್ಪತ್ತೆರಡು ವರ್ಷ ಎರಡೆಕರೆಯಲ್ಲಿ ದ್ರಾಕ್ಷಿ ಬೆಳೆದವರು. ಆ ಚಪ್ಪರ ಇದ್ದಲ್ಲಿ ಈಗ ಮೂವತ್ತು ಸೈಟುಗಳಿವೆ. ಸೊಸೆಯ ಕೆಲಸದ ಬಗ್ಗೆ ನೆಂಟರು ಕೇಳಿದರೆ "ಫ್ರಾನ್ಸ್ ಕಂಪನೀಲಿದಾಳೆ" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೊರಳುತ್ತಿದ್ದರು.

ಕುಸುಮಾ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

"ಶನಿವಾರ ಹೆಂಡ ಹೊತ್ಕೊಂಡು ಹೋಗಿದ್ಯಾ?" ಮರಿಯಪ್ಪ ಹೊಟ್ಟೆ ಹಿಡಿದು ನಕ್ಕರು. "ಆ ಇಂದಿರಾನಗರದೋರು ಮಾಡಿದ್ರೆ ಗೊತ್ತಿಲ್ದೆ ಮಾಡಿದ್ರು ಅನ್ಬೋದು. ನಿಂಗೇನಾಗಿತ್ತಮ್ಮ?"

"ನಗ್ಬೇಡಿ ಮಾವ. ಸೋಮವಾರ ಆರ್ಡರ್ ಸಿಗ್ಲಿಲ್ಲ ಅಂದ್ರೆ ಕೆಲಸ ಹೋಗುತ್ತೆ."

ನಗು ನಿಂತಿತು. ಮರಿಯಪ್ಪ ಫೋನ್ ಎತ್ತಿಕೊಂಡರು. ತಮ್ಮಣ್ಣ ಅವರ ಹಳೆಯ ಪರಿಚಯ. ತೋಟಕ್ಕೆ ಮೊದಲ ಕರೆಂಟ್ ಕೊಡಿಸಿದವರು. "ತಮ್ಮಣ್ಣೋರೇ, ಇವತ್ತು ವೈನ್ ತಂದಿದ್ದೋಳು ನಮ್ಮ ಸೊಸೆ. ಅದರ ರುಚಿ ನೋಡೋಕೆ ನಾಳೆ ಮಧ್ಯಾಹ್ನ ಐದೂ ಜನ ನಮ್ಮನೆಗೆ ಬನ್ನಿ. ನಾಟಿ ಕೋಳಿ."

ಆ ಕಡೆಯ ದನಿ ಜಗುಲಿಗೆಲ್ಲ ಕೇಳಿಸಿತು. "ಊಟ ಹಾಕಿ ಓಟು ತಗೊಳ್ಳೋ ಪ್ಲಾನಾ, ಮರಿಯಪ್ಪ?"

"ಊಟ ನಂದು. ಓಟು ನಿಮ್ಮಿಷ್ಟ. ಚೆನ್ನಾಗಿಲ್ದಿದ್ರೆ ನಾನೇ ಬೇಡ ಅಂತೀನಿ."

ಒಳಗಿನಿಂದ ಅತ್ತೆ ವೆಂಕಟಲಕ್ಷ್ಮಮ್ಮ ಬಂದು ಬಾಗಿಲಲ್ಲಿ ನಿಂತರು. "ಐದು ಜನಕ್ಕೆ ಊಟ ಹೇಳ್ಬಿಟ್ರಲ್ಲ, ಕೋಳಿ ನೀವು ಬೇಯಿಸ್ತೀರಾ?"

ಭಾನುವಾರ ಮಧ್ಯಾಹ್ನ ಒಂದಕ್ಕೆ ಹಿತ್ತಿಲ ಮಾವಿನ ಮರದ ಕೆಳಗೆ ಎಲೆ ಹಾಕಿದ್ದರು. ಕುಸುಮಾಳಿಗೆ ಹೊಸ ಚಿಂತೆ ಹತ್ತಿತ್ತು. ಕಂಪನಿಯ ಕರಪತ್ರದಲ್ಲಿ ಈ ವೈನಿನ ಜೊತೆಗೆ ಮೇಕೆಹಾಲಿನ ಚೀಸ್, ಆಯ್ಸ್ಟರ್ ಎಂದಿತ್ತು. ಅತ್ತೆಯ ಸಾರಿನಲ್ಲಿ ಗುಂಟೂರು ಮೆಣಸಿನಕಾಯಿ ಮೂವತ್ತು, ಮೇಲೆ ಒಂದು ಹಿಡಿ ಕಾಳುಮೆಣಸು.

"ಆಯ್ಸ್ಟರ್ ಅಂದ್ರೇನಮ್ಮ?" ತಮ್ಮಣ್ಣ ಕರಪತ್ರ ಓದುತ್ತಿದ್ದರು.

"ಚಿಪ್ಪಲ್ಲಿರೋ ಸಮುದ್ರದ ಜೀವಿ ಸಾರ್. ಹಸೀದೇ ತಿಂತಾರೆ."

"ಪಾಪ, ಅವರಿಗೆ ಒಲೆ ಹಚ್ಚೋಕೂ ಪುರುಸೊತ್ತಿಲ್ವಾ?" ಎಂದರು ವೆಂಕಟಲಕ್ಷ್ಮಮ್ಮ, ಮುದ್ದೆ ಇಡುತ್ತಾ.

ದುಂಡೇಶ ಬಾಟಲಿ ತಿರುಗಿಸಿ ಲೇಬಲ್ ನೋಡಿದ. "ಹತ್ತೂವರೆ. ಸ್ಟ್ರಾಂಗ್ ಬಿಯರ್ರೇ ಎಂಟು ಇರ್ತದೆ ಮೇಡಂ. ಇದನ್ನ ಕುಡಿದ್ರೆ ಕುಡಿದಂಗೂ ಅಲ್ಲ, ಬಿಟ್ಟಂಗೂ ಅಲ್ಲ." ಅವನು ಮುಂಜಾಗ್ರತೆಯಾಗಿ ತನ್ನ ವಿಸ್ಕಿ ತಂದಿದ್ದ. ಅದರ ಮೇಲೆ ನಲವತ್ತೆರಡು ಪಾಯಿಂಟ್ ಎಂಟು ಎಂದಿತ್ತು.

ಅವನು ಸಾರಿನಲ್ಲಿ ಅದ್ದಿದ ಒಂದು ತುತ್ತು ನುಂಗಿ ವಿಸ್ಕಿ ಹೀರಿದ. ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು. ಕೈಗೆ ಸಿಕ್ಕ ಗ್ಲಾಸನ್ನು ಗಟಗಟನೆ ಖಾಲಿ ಮಾಡಿದ. ಅದು ಕುಸುಮಾ ಸುರಿದಿಟ್ಟಿದ್ದ, ಫ್ರಿಜ್ಜಿನಿಂದ ಆಗಷ್ಟೇ ಬಂದಿದ್ದ ವೈನ್. ಅವನು ಇನ್ನೊಂದು ತುತ್ತು ತಿಂದ, ವೈನನ್ನೇ ಕೇಳಿದ.

"ಏನಾಯ್ತೋ?" ಎಂದರು ತಮ್ಮಣ್ಣ.

"ಉರಿ ಇಳೀತಣ್ಣ. ಕೋಳಿ ರುಚಿ ಹಂಗೇ ಇದೆ."

ಕುಸುಮಾಳೊಳಗಿನ ಮೇಷ್ಟರು ಎದ್ದು ನಿಂತರು. "ಖಾರಕ್ಕೆ ಉರಿಯೋ ನರ ಯಾವುದೋ ಆಲ್ಕೋಹಾಲಿಗೂ ಅದೇ ಉರಿಯುತ್ತೆ ಸಾರ್. ಆಲ್ಕೋಹಾಲ್ ಜಾಸ್ತಿ ಆದಷ್ಟೂ ಖಾರ ಏರುತ್ತೆ. ಇದರಲ್ಲಿ ಅದು ಕಮ್ಮಿ, ಹುಳಿ ಜಾಸ್ತಿ. ನಾವು ನಿಂಬೆಹಣ್ಣು ಹಿಂಡ್ಕೊಳ್ಳಲ್ವಾ, ಹಾಗೆ."

"ಇದನ್ನ ನಿನ್ನೆ ಹೇಳ್ಲೇ ಇಲ್ವಲ್ಲಮ್ಮ?"

"ನಿನ್ನೆ ನಂಗೂ ಹೊಳೆದಿರ್ಲಿಲ್ಲ ಸಾರ್."

ಮರಿಯಪ್ಪ ಮಾತ್ರ ಇನ್ನೂ ಕುಡಿದಿರಲಿಲ್ಲ. ಲೇಬಲ್ಲಿನ ಮೇಲಿದ್ದ, ಸಾವಯವ ಎಂದು ಸಾರುವ ಹಸಿರು ಎಲೆಯ ಗುರುತನ್ನು ಬೆರಳಿನಿಂದ ಮುಟ್ಟಿದರು. "ಎಲೆ ಚಿತ್ರ ಅಂಟಿಸಿದ್ರೆ ಆಯ್ತಾ? ದ್ರಾಕ್ಷಿಗೆ ಬೂಜು ಬಂದ್ರೆ ಏನು ಹೊಡೀತಾರೆ ಅವ್ರು? ಔಷಧಿ ಇಲ್ದೆ ದ್ರಾಕ್ಷಿ ಬೆಳೀತೀನಿ ಅಂದೋನನ್ನ ನಾನು ನಂಬಲ್ಲ."

ಚೆನ್ನಾಗಿಲ್ಲದಿದ್ದರೆ ಬೇಡ ಅನ್ನುತ್ತೇನೆ ಎಂದಿದ್ದವರು ಅವರು, ಮಾತು ತಪ್ಪುವವರಲ್ಲ.

"ಮೈಲುತುತ್ತ, ಸುಣ್ಣ ಹೊಡೀತಾರೆ ಮಾವ" ಎಂದಳು ಕುಸುಮಾ. "ಅದರಲ್ಲಿರೋ ತಾಮ್ರಕ್ಕೂ ಮಿತಿ ಇದೆ. ಹೆಕ್ಟೇರಿಗೆ ಏಳು ವರ್ಷದಲ್ಲಿ ಇಪ್ಪತ್ತೆಂಟು ಕೆ.ಜಿ. ತಾಮ್ರ. ಅದರ ಮೇಲೆ ಹೊಡೆದ್ರೆ ಎಲೆ ಗುರುತು ಕಿತ್ಕೋತಾರೆ."

ಮರಿಯಪ್ಪ ಬೆರಳಲ್ಲಿ ಲೆಕ್ಕ ಹಾಕಿದರು. "ಎಕರೆಗೆ ವರ್ಷಕ್ಕೆ ಒಂದೂವರೆ ಕೆ.ಜಿ. ಚಿಲ್ಲರೆ. ಕಷ್ಟ. ಆದ್ರೆ ಗೊತ್ತಿರೋನು ಮಾಡ್ಬೋದು." ಗ್ಲಾಸ್ ಎತ್ತಿ ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ನುಂಗಿದರು. "ಸಕ್ಕರೆ ಏರೋ ಮುಂಚೆ ಕಿತ್ತಿದಾರೆ. ಬೆಳಗಿನ ತಂಪಲ್ಲೇ ಕಿತ್ತಿದಾರೆ. ಹೌದಾ?"

"ಹೌದು ಮಾವ. ಸಕ್ಕರೆ ಕಮ್ಮಿ ಇದ್ರೆ ಆಲ್ಕೋಹಾಲೂ ಕಮ್ಮಿ, ಅದಕ್ಕೇ ಹತ್ತೂವರೆ."

ಅವರು ತಮ್ಮಣ್ಣನ ಕಡೆ ತಿರುಗಿದರು. "ನಮ್ಮ ತೋಟದ ಹಣ್ಣನ್ನ ನಮ್ಮ ಮಕ್ಕಳಿಗೆ ಕೊಡ್ತಿರ್ಲಿಲ್ಲ ಕಣ್ರೀ. ಅಷ್ಟು ಹೊಡೀತಿದ್ವಿ. ಮನೆಗೆ ಅಂತ ಬಾವಿ ಹತ್ರ ಎರಡು ಬಳ್ಳಿ ಬೇರೆ ಇಟ್ಟಿದ್ದೆ. ಇವನ್ಯಾರೋ ಇಡೀ ತೋಟಾನೇ ಮನೆ ಬಳ್ಳಿ ಥರ ಬೆಳೆದಿದಾನೆ." ಗ್ಲಾಸನ್ನು ಕುಸುಮಾಳ ಮುಂದೆ ಚಾಚಿದರು. "ಇನ್ನೊಂದು ಸ್ವಲ್ಪ ಹಾಕು."

ವೆಂಕಟಲಕ್ಷ್ಮಮ್ಮ ಕುಡಿಯುವವರಲ್ಲ. ಖಾಲಿ ಗ್ಲಾಸು ಮೂಸಿ "ಹೆರಳೆಕಾಯಿ ಸಿಪ್ಪೆ" ಎಂದರು. ಕುಸುಮಾ ಪೆನ್ನು ತೆಗೆದು ಕರಪತ್ರದಲ್ಲಿ ಪರಿಮಳದ ಸಾಲಿನಲ್ಲಿದ್ದ "ಗ್ರೇಪ್‌ಫ್ರೂಟ್" ಹೊಡೆದುಹಾಕಿ ಅದನ್ನೇ ಬರೆದುಕೊಂಡಳು.

ಎರಡೂವರೆಗೆ ಊಟ ಮುಗಿಯಿತು. ಆ ಮನೆಯಲ್ಲಿ ಭಾನುವಾರದ ಬಾಡೂಟಕ್ಕೆ ಬಂದ ಗಂಡಸರು ಊಟವಾದೊಡನೆ ಚಾಪೆ ಹುಡುಕುವುದು ರೂಢಿ. ಆರು ಗಂಟೆಗೆ ಕಾಫಿ ಕೊಟ್ಟು ಎಬ್ಬಿಸಬೇಕು. ಅಂದು ಏಳೆಂಟು ಪೆಗ್ಗಿನಷ್ಟು ವಿಸ್ಕಿ ಬಾಟಲಿಯಲ್ಲೇ ಉಳಿದಿತ್ತು, ವೈನಿನ ನಾಲ್ಕೂ ಬಾಟಲಿ ಖಾಲಿಯಾಗಿದ್ದವು, ಒಬ್ಬರೂ ಮಲಗಲಿಲ್ಲ. ದುಂಡೇಶ ಇಸ್ಪೀಟು ಕೇಳಿದ. ತಮ್ಮಣ್ಣ ತಮ್ಮ ಎಲೆಯನ್ನು ತಾವೇ ಮಡಚಿ ಎತ್ತಿದರು. ಅವರನ್ನು ನೋಡಿ ಉಳಿದವರೂ ಎತ್ತಿದರು.

ವೆಂಕಟಲಕ್ಷ್ಮಮ್ಮ ಸೆರಗು ಬಾಯಿಗಿಟ್ಟು ಇದನ್ನೇ ನೋಡುತ್ತಿದ್ದರು. "ಮೂವತ್ತೆಂಟು ವರ್ಷ ಆಯ್ತು ಈ ಮನೆಗೆ ಬಂದು. ಬಾಡೂಟ ಆದ್ಮೇಲೆ ಗಂಡಸರು ಎಲೆ ತೆಗೆದಿದ್ದು ಇವತ್ತೇ. ಕುಸುಮಾ, ಇದನ್ನ ಊರಿಗೆಲ್ಲ ಮಾರಮ್ಮ."

"ಮೊದ್ಲು ಕ್ಲಬ್ಬಿನೋರು ತಗೊಳ್ಳಿ ಅತ್ತೆ."

"ತಗೊಳ್ದೆ ಏನ್ ಮಾಡ್ತಾರೆ? ಅವರ ಹೆಂಡ್ತೀರಿಗೆ ನಾನೇ ಫೋನ್ ಮಾಡ್ತೀನಿ."

ತಮ್ಮಣ್ಣ ಇಸ್ಪೀಟು ಕಲಸುತ್ತಾ ತಲೆ ಎತ್ತದೆ ಹೇಳಿದರು: "ಅದೊಂದು ಮಾಡ್ಬೇಡಿ ಅಕ್ಕ. ಓಟು ಹಾಕ್ತೀವಿ."

ಸೋಮವಾರ ಸಂಜೆ ಐದು ನಲವತ್ತಕ್ಕೆ ಸಮಿತಿಯ ಐವರೂ ಕೈ ಎತ್ತಿದರು. ಆರ್ಡರ್ ಹತ್ತು ಪೆಟ್ಟಿಗೆ, ಪೆಟ್ಟಿಗೆಗೆ ಹನ್ನೆರಡು ಬಾಟಲಿ. ತಮ್ಮಣ್ಣ ಒಂದು ಷರತ್ತು ಹಾಕಿದರು: ಮೆನುವಿನಲ್ಲಿ ಆ ವೈನಿನ ಕೆಳಗೆ "ನಾಟಿ ಕೋಳಿ ಸಾರಿನ ಜೊತೆ" ಎಂದು ಅಚ್ಚಾಗಬೇಕು. ಆರು ಗಂಟೆಗೆ ಸ್ಮೃತಿ ಫೋನ್ ಮಾಡಿ ಕುಸುಮಾಳ ಕೆಲಸ ಖಾಯಂ ಎಂದಳು.

ಪೆಟ್ಟಿಗೆಗಳು ಶುಕ್ರವಾರ ಕ್ಲಬ್ಬಿಗೆ ಬಂದವು. ಮೊದಲನೆಯದು ಭಾನುವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ ಖಾಲಿಯಾಯಿತು.